ಗೋಧಿಯಲ್ಲಿ ಅಗಲ ಎಲೆಯ ಕಳೆಗಳು ಸಾಯದಿದ್ದರೆ ಕಳೆನಾಶಕದ ಪ್ರಮಾಣ ಹೆಚ್ಚಿಸಬಹುದೇ?

ಆರು ವರ್ಷಗಳಿಂದ ಗೋಧಿಗೆ ಮೆಟ್‌ಸಲ್ಫ್ಯೂರಾನ್ ಎಂಬ ಕಳೆನಾಶಕ ಒಂದನ್ನೇ ಸಿಂಪಡಿಸುತ್ತಿದ್ದೀರಿ, ಈ ಸಲ ಅಗಲ ಎಲೆಯ ಕಳೆಗಳು ಸಾಯದೆ ಉಳಿದಿವೆ, ಪ್ರಮಾಣವನ್ನು ಇಮ್ಮಡಿಗೊಳಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಹೊಲಕ್ಕಿಳಿದು ನೋಡಿ. ಈ ಔಷಧ ಗಿಡದ ಬೆಳವಣಿಗೆಯನ್ನು ಬೇಗನೆ ನಿಲ್ಲಿಸಿದರೂ ಗಿಡ ಒಣಗಲು ಎರಡರಿಂದ ನಾಲ್ಕು ವಾರ ಬೇಕಾಗುವುದರಿಂದ, ಅಲ್ಲಿಯವರೆಗೆ ತೀರ್ಮಾನಕ್ಕೆ ಬರಬಾರದು. ಉಳಿದ ಕಳೆಗಳು ಸಾಲು ಸಾಲಾಗಿದ್ದರೆ ನಾಜಲ್ ಕಟ್ಟಿಕೊಂಡಿತ್ತೆಂದೋ ಸಿಂಪರಣೆ ತಪ್ಪಿತ್ತೆಂದೋ ತಿಳಿಯಬಹುದು. ಆದರೆ ಒಂದೇ ಜಾತಿಯ, ಒಂದೇ ವಯಸ್ಸಿನ ಎರಡು ಗಿಡಗಳು ಗೇಣು ಅಂತರದಲ್ಲಿದ್ದು, ಒಂದರ ಸುಳಿ ಹಳದಿಯಾಗಿ ಮುರುಟಿಕೊಂಡು, ಪಕ್ಕದ್ದು ಹಸಿರು ಚಿಗುರು ಬಿಡುತ್ತಿದ್ದರೆ, ನಾನು ಮೊದಲು ಶಂಕಿಸುವುದು ನಿರೋಧಕತೆಯನ್ನೇ, ಅಂದರೆ ಕಳೆ ಔಷಧಕ್ಕೆ ಬಗ್ಗದಂತಾಗಿರುವುದನ್ನೇ.

ಮೆಟ್‌ಸಲ್ಫ್ಯೂರಾನ್ ಗಿಡದೊಳಗಿನ ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವದ 197ನೆಯ ಸ್ಥಾನದಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲ ಬದಲಾದರೆ ಸಾಕು, ಔಷಧ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಕೂರದ ಔಷಧವನ್ನು ಇಮ್ಮಡಿ ಸುರಿದರೂ ಕಳೆ ಸಾಯುವ ಭರವಸೆಯಿಲ್ಲ, ಬೆಳೆಗೆ ಪೆಟ್ಟು ಬೀಳುವ ಅಪಾಯ ಮಾತ್ರ ಹೆಚ್ಚುತ್ತದೆ. ಇಂಥ ಬದಲಾವಣೆಯುಳ್ಳ ವಿರಳ ಗಿಡಗಳು ಹೊಲದಲ್ಲಿ ಮೊದಲೇ ಇರುತ್ತವೆ. ಪ್ರತಿ ವರ್ಷದ ಸಿಂಪರಣೆ ಉಳಿದವನ್ನೆಲ್ಲ ಕೊಂದು ಅವುಗಳಿಗೆ ಜಾಗ ಮಾಡಿಕೊಡುತ್ತದೆ. ಇದೇ ಗುಂಪಿನ ಕ್ಲೋರ್‌ಸಲ್ಫ್ಯೂರಾನ್ ಅಮೆರಿಕದಲ್ಲಿ 1982ರಲ್ಲಿ ಬಳಕೆಗೆ ಬಂದು, 1987ರ ಹೊತ್ತಿಗೆ ಕಾನ್ಸಾಸ್‌ನ ಗೋಧಿ ಹೊಲಗಳಲ್ಲಿ ಕೋಚಿಯಾ ಕಳೆ ಅದಕ್ಕೆ ಬಗ್ಗದಾಗಿತ್ತು. ಐದೇ ವರ್ಷ!

ಬ್ರ್ಯಾಂಡ್ ಬದಲಿಸಿದ ಮಾತ್ರಕ್ಕೆ ಕಳೆನಾಶಕ ಬದಲಾಯಿತೆಂದು ಭಾವಿಸುವುದು ನಾನು ಬಹಳ ಕಡೆ ಕಂಡಿರುವ ತಪ್ಪು. ಟ್ರೈಬೆನ್ಯೂರಾನ್ ಕೂಡ ಇದೇ ಕಿಣ್ವವನ್ನು ತಡೆಯುವಂಥದ್ದು. ಡಬ್ಬಿಯ ಮೇಲಿನ ಗುಂಪಿನ ಸಂಖ್ಯೆ 2 ಎಂದಿದ್ದರೆ ಕೆಲಸ ಒಂದೇ ಬಗೆಯದು. 2,4-ಡಿ ಮತ್ತು ಫ್ಲೂರಾಕ್ಸಿಪಿರ್ 4ನೆಯ ಗುಂಪಿನವು, ಕಾರ್ಫೆಂಟ್ರಜೋನ್ 14ನೆಯದು. ಎರಡು ಗುಂಪುಗಳ ಮಿಶ್ರಣ ಒಳ್ಳೆಯದೇ, ಆದರೆ ನಿಮ್ಮ ಕಳೆಯ ಮೇಲೆ ಎರಡೂ ಪ್ರತ್ಯೇಕವಾಗಿ ಕೆಲಸ ಮಾಡುವಂತಿರಬೇಕು. ಯುರೋಪಿನ ಕೆಂಪು ಗಸಗಸೆ ಕಳೆಯಲ್ಲೂ ಆಸ್ಟ್ರೇಲಿಯಾದ ಕಾಡು ಮೂಲಂಗಿಯಲ್ಲೂ 2ನೆಯ ಗುಂಪಿಗೂ 2,4-ಡಿಗೂ ಒಟ್ಟಿಗೆ ಬಗ್ಗದ ಗಿಡಗಳು ಈಗಾಗಲೇ ಇವೆ.

ಈ ವರ್ಷ ಉಳಿದ ಗಿಡಗಳನ್ನು ಬೀಜ ಕಟ್ಟುವ ಮೊದಲೇ ಕಿತ್ತು ಹೊಲದಿಂದ ಹೊರಗೆ ಹಾಕಿ. ಖಚಿತಪಡಿಸಿಕೊಳ್ಳಲು ಒಂದೆರಡು ಗಿಡಗಳ ಬೀಜವನ್ನಷ್ಟೇ ಚೀಲ ಕಟ್ಟಿ ಕಾಪಾಡಿಕೊಂಡು, ಎಂದೂ ಔಷಧ ಕಾಣದ ಜಾಗದಿಂದ ತಂದ ಅದೇ ಕಳೆಯ ಬೀಜದ ಜೊತೆಗೆ ಕುಂಡಗಳಲ್ಲಿ ಬೆಳೆಸಿ, ಎರಡರಿಂದ ನಾಲ್ಕು ಎಲೆಯ ಹಂತದಲ್ಲಿ ಲೇಬಲ್‌ನಲ್ಲಿರುವ ಪ್ರಮಾಣವನ್ನೇ ಎರಡಕ್ಕೂ ಸಿಂಪಡಿಸಿ ಹೋಲಿಸಬಹುದು.

ಮುಂದಿನ ಯೋಜನೆ ಕಳೆಯ ಬೀಜದ ಆಯುಸ್ಸನ್ನು ಅವಲಂಬಿಸಿದೆ. ಕೋಚಿಯಾ ಬೀಜ ಬಹುಪಾಲು ಒಂದೆರಡು ವರ್ಷಗಳಲ್ಲೇ ಸತ್ತುಹೋಗುವುದರಿಂದ, ಎರಡು ವರ್ಷ ಒಂದು ಗಿಡವನ್ನೂ ಬೀಜ ಕಟ್ಟಲು ಬಿಡದಿದ್ದರೆ ಮಣ್ಣಿನಲ್ಲಿನ ದಾಸ್ತಾನು ಬಹಳಷ್ಟು ಕರಗುತ್ತದೆ. ಕೆಂಪು ಗಸಗಸೆಯ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರಬಲ್ಲದಾದ್ದರಿಂದ ಅಲ್ಲಿ ಬೆಳೆ ಪರಿವರ್ತನೆ, ಒತ್ತಾದ ಬಿತ್ತನೆ, ಮತ್ತು ಮೊದಲ ಮೊಳಕೆಗಳನ್ನು ಹರಗಿ ನಾಶಮಾಡಿದ ಮೇಲೆ ತಡವಾಗಿ ಬಿತ್ತುವುದು, ಇವೆಲ್ಲ ವರ್ಷಾನುವರ್ಷ ನಡೆಯಬೇಕಾಗುತ್ತದೆ.