ನಿಯಮ ಬರೆದವರು ಯಾರು ಅನ್ನೋದು ಮುಖ್ಯ

ಗ್ರಾಸ್‌ಹಾಪರ್ ಅನ್ನೋ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ನಿಯಮ ಕೊಟ್ಟರೆ ಆಕಾರ ತಾನೇ ಬರುತ್ತದೆ, ಹಾಗಾದರೆ ನನ್ನ ಕ್ರಿಯೇಟಿವಿಟಿ ಎಲ್ಲಿ ಅಂತ ಕೇಳಿದ್ದೀರಿ. ಸಾಗರದ ಹತ್ತಿರದ ಹೋಮ್‌ಸ್ಟೇ ನಿಮ್ಮ ಪ್ರಾಜೆಕ್ಟ್ ಅಂದಿರಲ್ಲ, ಅಲ್ಲೇ ಹಸೆ ಚಿತ್ತಾರ ಇದೆ. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಯ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುತ್ತಾರೆ. ಹೆಚ್ಚಾಗಿ ಗೆರೆ, ತ್ರಿಕೋನ, ಚೌಕ. ಕಟ್ಟುನಿಟ್ಟಾದ ಕ್ರಮ. ಆದರೂ ಒಬ್ಬರ ಚಿತ್ತಾರ ಇನ್ನೊಬ್ಬರದರಂತೆ ಇರುವುದಿಲ್ಲ, ಅಲ್ವಾ?

ಸಂಶೋಧಕರಾದ ಜಾರ್ಜ್ ಸ್ಟೈನಿ, ಜೇಮ್ಸ್ ಗಿಪ್ಸ್ 1970ರ ದಶಕದ ಶುರುವಿನಲ್ಲಿ ಇಂಥದ್ದನ್ನೇ ಶೇಪ್ ಗ್ರಾಮರ್ ಅಂತ ಕಟ್ಟಿದರು. ಈ ಆಕಾರ ಕಂಡರೆ ಅದರ ಜಾಗದಲ್ಲಿ ಆ ಆಕಾರ ಇಡು, ಅಷ್ಟೇ. 1978ರಲ್ಲಿ ಸ್ಟೈನಿ ಮತ್ತು ವಿಲಿಯಂ ಮಿಚೆಲ್ ಇಟಲಿಯ ಹಳೇ ಕಾಲದ ವಾಸ್ತುಶಿಲ್ಪಿ ಪಲ್ಲಾಡಿಯೋನ ವಿಲ್ಲಾಗಳ ಪ್ಲಾನಿಗೂ ನಿಯಮ ಬರೆದರು. ಪಲ್ಲಾಡಿಯೋ ಬರೆಯದೇ ಇದ್ದ ಪ್ಲಾನುಗಳೂ ಅದರಿಂದ ಹುಟ್ಟಿದವು.

ನಿಮ್ಮ ಹೋಮ್‌ಸ್ಟೇಯ ಹೆಂಚಿನ ಮಾಡಿಗೆ (ಛಾವಣಿಗೆ) ಬರೋಣ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಸಾಗರದಲ್ಲಿ ಅಷ್ಟಿಲ್ಲ, ಆದರೂ ಜಾಸ್ತಿನೇ. ಗ್ರಾಸ್‌ಹಾಪರ್‌ನಲ್ಲಿ ಇಳಿಜಾರಿನ ಸ್ಲೈಡರ್ (ಅಳತೆ ಹೆಚ್ಚು ಕಡಿಮೆ ಮಾಡುವ ಪಟ್ಟಿ) 30 ಡಿಗ್ರಿಗಿಂತ ಕೆಳಗೆ ಹೋಗದಂತೆ ಕಟ್ಟಿಹಾಕಿ. ಹೆಂಚಿನ ಅಳತೆಯನ್ನೇ ಮೂಲ ಮಾಡ್ಯೂಲ್, ಅಂದರೆ ಉಳಿದೆಲ್ಲ ಅಳತೆಗೂ ಆಧಾರದ ಘಟಕ, ಮಾಡಿ, ಆಗ ತುದಿಯಲ್ಲಿ ಹೆಂಚು ಕತ್ತರಿಸೋದು ಕಡಿಮೆಯಾಗುತ್ತದೆ. ಸೂರು ಎಷ್ಟು ಚಾಚಬೇಕು, ಜಗಲಿಗೆ ಬೆಳಕು ಎಷ್ಟು, ಇವೆರಡನ್ನು ಒಂದಕ್ಕೊಂದು ಜೋಡಿಸಿ. ನಿಮ್ಮ ತಲೆ ಓಡಬೇಕಾದ್ದು ಇಲ್ಲೇ. ನೆಟ್‌ನಲ್ಲಿ ಸಿಕ್ಕ ರೆಡಿಮೇಡ್ ವೊರೊನಾಯ್ ಜಾಲಿ (ಜೇನುಗೂಡಿನಂತೆ, ಆದರೆ ಅಂಕುಡೊಂಕು ಕೋಶಗಳ ವಿನ್ಯಾಸ) ಸುಮ್ನೆ ಅಂಟಿಸಿದರೆ ಮಾತ್ರ ನಿಮ್ಮ ಅನುಮಾನ ಸರಿ!