ಟ್ರೈನಿಂಗ್ ಮೋಡ್‌ನಲ್ಲಿ ಸಲೀಸಾಗಿ ಬರುವ ಕಾಂಬೊ ಮ್ಯಾಚ್‌ನಲ್ಲಿ ಯಾಕೆ ಕೈಕೊಡುತ್ತದೆ?

ನೀವು ಕೇಳಿರುವುದು ಇಷ್ಟು: ಸ್ಟ್ರೀಟ್ ಫೈಟರ್ 6 ಅನ್ನುವ ಫೈಟಿಂಗ್ ಗೇಮ್‌ನಲ್ಲಿ ರ‍್ಯೂ ಪಾತ್ರವನ್ನು ಆಡುತ್ತೀರಿ. ಮೂರು ತಿಂಗಳಿಂದ ದಿನಾ ಒಂದು ಗಂಟೆ ಟ್ರೈನಿಂಗ್ ಮೋಡ್‌ನಲ್ಲಿ ಕೂರುತ್ತೀರಿ. ಅಲ್ಲಿ ಹತ್ತು ಸಲ ಹೊಡೆದರೆ ಒಂಬತ್ತು ಸಲ ಕಾಂಬೊ (ಎದುರಾಳಿ ತಪ್ಪಿಸಿಕೊಳ್ಳಲಾಗದ ಹಾಗೆ ಸಾಲಾಗಿ ಬೀಳುವ ಹೊಡೆತಗಳು) ಬರುತ್ತದೆ. ನಿಜವಾದ ಎದುರಾಳಿ ಮುಂದೆ ಬಂದರೆ ಮಾತ್ರ ಕೈ ಗೊಂದಲಕ್ಕೆ ಬೀಳುತ್ತದೆ. ನಿಮ್ಮ ಬೆರಳುಗಳೇ ನಿಧಾನವಾ ಅನ್ನುವುದು ನಿಮ್ಮ ಅನುಮಾನ.

ಬೆರಳಿನದ್ದು ಏನೂ ತಪ್ಪಿಲ್ಲ. ಹತ್ತಕ್ಕೆ ಒಂಬತ್ತು ಬರುತ್ತಿದೆ ಅಂದರೆ ಬೆರಳಿಗೆ ಕೆಲಸ ಗೊತ್ತು ಅಂತಲೇ ಅರ್ಥ. ನೀವು ಕಾಂಬೊ ಅಭ್ಯಾಸ ಮಾಡಿದ್ದೀರಿ. ಅದು ಶುರುವಾಗುವ ಗಳಿಗೆಯನ್ನು ಅಭ್ಯಾಸ ಮಾಡಿಲ್ಲ. ಟ್ರೈನಿಂಗ್ ಮೋಡ್‌ನ ಡಮ್ಮಿ, ಅಂದರೆ ಅಭ್ಯಾಸಕ್ಕೆ ಇಟ್ಟ ಎದುರಾಳಿ ಪಾತ್ರ, ಅಲ್ಲಾಡದೆ ನಿಂತಿರುತ್ತದೆ. ಯಾವಾಗ ಹೊಡೆಯಬೇಕು ಅನ್ನುವುದನ್ನು ನೀವೇ ತೀರ್ಮಾನ ಮಾಡುತ್ತೀರಿ, ಮನಸ್ಸು ಒಂದು ಕ್ಷಣ ಮೊದಲೇ ತಯಾರಾಗಿರುತ್ತದೆ. ಮ್ಯಾಚ್‌ನಲ್ಲಿ ಆ ಕ್ಷಣ ಹೇಳದೆ ಕೇಳದೆ ಬರುತ್ತದೆ. ಹೊಡೆತ ತಗುಲಿತಾ, ಬ್ಲಾಕ್ ಆಯಿತಾ, ದೂರ ಎಷ್ಟಿದೆ, ಇಷ್ಟನ್ನೂ ನೋಡಿ ಕೈ ಓಡಬೇಕು. ನೀವು ಈ ಭಾಗವನ್ನು ಅಭ್ಯಾಸವೇ ಮಾಡದೆ ಉಳಿದಿದ್ದೆಲ್ಲ ಮಾಡಿದ್ದೀರಿ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಟೈಮಿಂಗ್ ಅಂದರೆ ಏನು ಅನ್ನುವುದು ಸ್ಪಷ್ಟವಾಗಲಿ. ಈ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತವೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕಾಂಬೊದಲ್ಲಿ ಎರಡು ಹೊಡೆತ ಸೇರುವುದಕ್ಕೆ ಮುಖ್ಯವಾಗಿ ಎರಡು ದಾರಿ ಇದೆ, ಲಿಂಕ್ ಮತ್ತು ಕ್ಯಾನ್ಸಲ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಕೈಗೆ ಎರಡೂ ಬೇರೆ ಬೇರೆ ಕೆಲಸ.

ಲಿಂಕ್‌ನಲ್ಲಿ ಮೊದಲ ಹೊಡೆತ ಪೂರ್ತಿ ಮುಗಿಯಬೇಕು. ನಿಮ್ಮ ಪಾತ್ರ ಕೈ ಹಿಂದಕ್ಕೆ ತೆಗೆದುಕೊಂಡಿರುತ್ತದೆ, ಎದುರಾಳಿ ಇನ್ನೂ ತತ್ತರಿಸುತ್ತಿರುತ್ತಾನೆ. ಆ ಸಣ್ಣ ಬಿಡುವಿನಲ್ಲಿ ಮುಂದಿನ ಹೊಡೆತ ಹೋಗಿ ತಗುಲಬೇಕು. ಮೊದಲ ಹೊಡೆತದಿಂದ ನಿಮಗೆ 7 ಫ್ರೇಮ್ ಲಾಭ ಸಿಕ್ಕಿತು (ಎದುರಾಳಿಗಿಂತ 7 ಫ್ರೇಮ್ ಮೊದಲು ನೀವು ಅಲ್ಲಾಡಬಹುದು), ಮುಂದಿನ ಹೊಡೆತ 6ನೇ ಫ್ರೇಮ್‌ಗೆ ತಗುಲುತ್ತದೆ ಅಂತಿಟ್ಟುಕೊಳ್ಳಿ. ಆಗ ಬಟನ್ ಒತ್ತಲು ನಿಮಗಿರುವುದು 2 ಫ್ರೇಮ್, ಅಂದರೆ 33 ಮಿಲಿಸೆಕೆಂಡ್. ಲಾಭವೂ 6 ಆಗಿದ್ದರೆ ಒಂದೇ ಫ್ರೇಮ್. ಸ್ಟ್ರೀಟ್ ಫೈಟರ್ 4ರ ಕಾಲದಲ್ಲಿ ಇಂಥ ಒಂದು ಫ್ರೇಮ್ ಲಿಂಕ್‌ಗಳೇ ಆಟಗಾರರ ನಿದ್ದೆ ಕೆಡಿಸುತ್ತಿದ್ದವು. 2016ರಲ್ಲಿ ಬಂದ 5ನೇ ಆಟದಿಂದ ಈಚೆಗೆ, ಬಟನ್ ಸ್ವಲ್ಪ ಮುಂಚೆ ಒತ್ತಿದರೂ ಗೇಮ್ ಅದನ್ನು ನೆನಪಿಟ್ಟುಕೊಂಡು ಸರಿಯಾದ ಫ್ರೇಮ್‌ಗೆ ಹೊಡೆತ ಕೊಡುತ್ತದೆ. ಅದಕ್ಕೇ ಬಫರ್ ಅನ್ನುತ್ತಾರೆ. ಹಾಗಾಗಿ ಈಗ ಲಿಂಕ್ ತಪ್ಪಿದರೆ ಕಾರಣ ಹೆಚ್ಚಾಗಿ ಗಾಬರಿ: ಕೈ ತೀರಾ ಬೇಗ ಒತ್ತಿಬಿಡುತ್ತದೆ.

ಕ್ಯಾನ್ಸಲ್ ಇದಕ್ಕೆ ಉಲ್ಟಾ. ಮೊದಲ ಹೊಡೆತ ಮುಗಿಯಲು ಬಿಡಬಾರದು. ಅದು ತಗುಲುವಾಗಲೇ ಮುಂದಿನ ಸ್ಪೆಷಲ್ ಮೂವ್‌ನ (ಸ್ಟಿಕ್ ತಿರುಗಿಸಿ ಬಟನ್ ಒತ್ತಿದರೆ ಬರುವ ವಿಶೇಷ ಹೊಡೆತ) ಚಲನೆ ಕೈಯಲ್ಲಿ ನಡೆಯುತ್ತಿರಬೇಕು. ರ‍್ಯೂ ಕುಳಿತು ಕೊಡುವ ಮೀಡಿಯಂ ಕಿಕ್‌ನಿಂದ ಹಡೋಕೆನ್‌ಗೆ (ಕೈಯಿಂದ ಎಸೆಯುವ ಶಕ್ತಿಯ ಚೆಂಡು) ಹೋಗುವುದನ್ನೇ ನೋಡಿ. ಕಿಕ್ ತಗುಲಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಸ್ಟಿಕ್ ತಿರುಗಿಸಲು ಹೊರಟರೆ ಗಾಡಿ ಹೊರಟು ಹೋಗಿರುತ್ತದೆ. ಕಿಕ್ ಬಟನ್ ಒತ್ತಿದ ಕೂಡಲೇ ಸ್ಟಿಕ್ ಕೆಳಗಿನಿಂದ ಮುಂದಕ್ಕೆ ಉರುಳಬೇಕು. ಲಿಂಕ್‌ನಲ್ಲಿ ಕಾಯಬೇಕು, ಕ್ಯಾನ್ಸಲ್‌ನಲ್ಲಿ ಕಾಯಬಾರದು. ಒಂದೇ ಕಾಂಬೊದಲ್ಲಿ ಇವೆರಡೂ ಇರುತ್ತವೆ. ಎಲ್ಲವನ್ನೂ ಒಂದೇ ವೇಗದಲ್ಲಿ ಒತ್ತುವುದರಿಂದಲೇ ಅರ್ಧಕ್ಕರ್ಧ ತಪ್ಪುಗಳು ಬರುತ್ತವೆ.

ಇಲ್ಲೊಂದು ವಿಷಯ ಹೇಳಲೇಬೇಕು. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಕಾಂಬೊಗಳನ್ನು ಯಾರೂ ಬೇಕಂತ ಇಟ್ಟಿದ್ದಲ್ಲ. ಕಾರು ಒಡೆಯುವ ಬೋನಸ್ ಸುತ್ತನ್ನು ಪರೀಕ್ಷಿಸುವಾಗ, ಒಂದು ಹೊಡೆತದ ನಡುವೆ ಇನ್ನೊಂದು ಹೊಡೆತ ಸೇರುತ್ತಿರುವುದು ನಿರ್ಮಾಪಕ ನೊರಿಟಾಕಾ ಫುನಾಮಿಝು ಅವರ ಕಣ್ಣಿಗೆ ಬಿತ್ತು. ಈ ಟೈಮಿಂಗ್ ಬಹಳ ಕಷ್ಟ, ಇದು ಯಾರಿಗೂ ಅಷ್ಟಾಗಿ ಉಪಯೋಗಕ್ಕೆ ಬರಲಾರದು ಅಂದುಕೊಂಡು ಅದನ್ನು ಹಾಗೇ ಬಿಟ್ಟರು. ಆ ಕಷ್ಟವನ್ನೇ ಜನ ದಿನಾ ಕೂತು ಕಲಿತರು ಅನ್ನುವುದು ನನಗೆ ಇವತ್ತಿಗೂ ತುಂಬಾ ಇಷ್ಟವಾದ ಸಂಗತಿ.

ಇನ್ನು ಅಭ್ಯಾಸದ ವಿಚಾರ. ನೀವು ಒತ್ತಿದ್ದನ್ನೆಲ್ಲ ಪರದೆಯ ಮೇಲೆ ತೋರಿಸುವ ಇನ್‌ಪುಟ್ ಡಿಸ್‌ಪ್ಲೇ ಯಾವಾಗಲೂ ಆನ್ ಇರಲಿ. ಕಾಂಬೊ ತಪ್ಪಿದಾಗ ಮತ್ತೆ ಹೊಡೆಯುವ ಮುಂಚೆ ಅದನ್ನು ಓದಿ. ಪಂಚ್ ಬಿದ್ದಾಗ ಸ್ಟಿಕ್ ಮುಂದಕ್ಕೆ ತಲುಪಿತ್ತಾ, ಇನ್ನೂ ಓರೆಯಲ್ಲೇ (ಕೆಳಗೆ ಮತ್ತು ಮುಂದೆಯ ನಡುವಿನ ಮೂಲೆ) ಇತ್ತಾ? ನಡುವೆ ಕೆಳಗಿನ ಬಾಣ ಕಾಣೆಯಾಗಿದೆಯಾ? ಮುಂದಕ್ಕೆ ನಡೆಯುತ್ತಾ ಹಡೋಕೆನ್ ಹಾಕಲು ಹೋಗಿ ಶೋರ‍್ಯುಕೆನ್ (ಮೇಲಕ್ಕೆ ಹಾರುತ್ತಾ ಕೊಡುವ ಪಂಚ್) ಬಂದ ಅನುಭವ ನಿಮಗೂ ಆಗಿರಬೇಕು. ಮುಂದೆ, ಕೆಳಗೆ, ಓರೆ ಅನ್ನುವ ಮೂರೂ ಸಾಲಾಗಿ ಸಿಕ್ಕಿದ್ದರಿಂದ ಗೇಮ್ ಅದನ್ನು ಶೋರ‍್ಯುಕೆನ್ ಅಂತ ಓದಿರುತ್ತದೆ. ನಡೆಯುವುದನ್ನು ನಿಲ್ಲಿಸಿ, ಸ್ಟಿಕ್ ಒಂದು ಕ್ಷಣ ಮಧ್ಯಕ್ಕೆ ಬರಲಿ, ಆಮೇಲೆ ಉರುಳಿಸಿ. ತಪ್ಪು ಎಲ್ಲಿ ಅಂತ ಗೊತ್ತಾಗದೆ ನೂರು ಸಲ ಹೊಡೆದರೆ ಆ ತಪ್ಪನ್ನೇ ನೂರು ಸಲ ಕಲಿತ ಹಾಗಾಗುತ್ತದೆ. ಸ್ಟ್ರೀಟ್ ಫೈಟರ್ 6ರಲ್ಲಿ ಫ್ರೇಮ್ ಮೀಟರ್ ಬೇರೆ ಇದೆ. ಲಿಂಕ್ ತಪ್ಪಿದ್ದು ಬೇಗ ಒತ್ತಿದ್ದಕ್ಕಾ, ತಡವಾಗಿದ್ದಕ್ಕಾ ಅಂತ ಬಣ್ಣದ ಪಟ್ಟಿ ನೋಡಿದರೆ ತಿಳಿಯುತ್ತದೆ.

ತಾಳವನ್ನು ಬಾಯಿಯಲ್ಲಿ ಹೇಳಿಕೊಳ್ಳುವುದು ನನಗೆ ಬಹಳ ಉಪಯೋಗವಾಗಿದೆ. ಟಕ್, ಟಕ್, ಬಿಡುವು, ಟಟಕ್. ಕಾಂಬೊ ಚೆನ್ನಾಗಿ ಆಡುವವರ ವಿಡಿಯೊ ಹಾಕಿ, ಕಣ್ಣು ಮುಚ್ಚಿಕೊಂಡು ಹೊಡೆತದ ಸದ್ದು ಮಾತ್ರ ಕೇಳಿ. ಆ ಸದ್ದನ್ನು ಬಾಯಲ್ಲಿ ಹಾಗೇ ಹೇಳಲು ಬಂದ ಮೇಲೆ ಬಟನ್ ಮುಟ್ಟಿ. ನಿಧಾನ ವೇಗದ ಸೌಲಭ್ಯ ಇರುವ ಗೇಮ್‌ಗಳಲ್ಲಿ, ಯಾವುದರ ನಂತರ ಯಾವುದು ಅಂತ ತಿಳಿಯಲು ಅದನ್ನು ಬಳಸಿ, ತಪ್ಪಿಲ್ಲ. ಆದರೆ ತಾಳ ಕಲಿಯುವುದು ಪೂರ್ತಿ ವೇಗದಲ್ಲೇ ಆಗಬೇಕು. ನಿಧಾನದ ತಾಳ ಬೇರೆಯೇ ತಾಳ.

ಇದು ನನಗೆ ಅರ್ಥವಾಗಿದ್ದು ಟೆಕ್ಕೆನ್ ಅನ್ನುವ ಇನ್ನೊಂದು ಫೈಟಿಂಗ್ ಗೇಮ್‌ನಲ್ಲಿ ಕಝುಯಾ ಪಾತ್ರ ಆಡುವಾಗ. ಅವನ ಎಲೆಕ್ಟ್ರಿಕ್ ವಿಂಡ್ ಗಾಡ್ ಫಿಸ್ಟ್ ಅನ್ನುವ ಪಂಚ್‌ಗೆ ಮುಂದೆ, ಮಧ್ಯ, ಕೆಳಗೆ, ಆಮೇಲೆ ಓರೆ. ಓರೆ ಮತ್ತು ಬಲಗೈ ಪಂಚ್ ಎರಡೂ ಒಂದೇ ಫ್ರೇಮ್‌ನಲ್ಲಿ ಬೀಳಬೇಕು. ತಪ್ಪಿದರೆ ಸಾದಾ ವಿಂಡ್ ಗಾಡ್ ಫಿಸ್ಟ್ ಬರುತ್ತದೆ. ಅದನ್ನು ಬ್ಲಾಕ್ ಮಾಡಿದವರು ತಿರುಗಿ ಹೊಡೆಯಬಹುದು. ಎಲೆಕ್ಟ್ರಿಕ್ ಬಂದರೆ ಬ್ಲಾಕ್ ಆದರೂ ಲಾಭ ನಮಗೇ. ತಿಂಗಳುಗಟ್ಟಲೆ ಬೆರಳನ್ನು ಬೇಗ ಬೇಗ ಓಡಿಸಲು ನೋಡಿದೆ, ಬರಲೇ ಇಲ್ಲ. ಒಂದು ದಿನ ಓರೆ ಮತ್ತು ಪಂಚನ್ನು ಎರಡು ಕೆಲಸ ಅಂದುಕೊಳ್ಳದೆ, ಎರಡೂ ಹೆಬ್ಬೆರಳು ಒಟ್ಟಿಗೆ ಇಳಿಯುವ ಒಂದೇ ಕೆಲಸ ಅಂದುಕೊಂಡೆ. ಮೊದಲ ಭಾಗವನ್ನು ನಿಧಾನ ಮಾಡಿದೆ. ಅವತ್ತು ಸಾಲಾಗಿ ನಾಲ್ಕು ಬಂದವು. ಆ ನೀಲಿ ಮಿಂಚು ನೋಡಿ ಆದ ಖುಷಿ ಇನ್ನೂ ನೆನಪಿದೆ.

ಎಷ್ಟು ಸಲ ಹೊಡೆಯಬೇಕು? ನಾನು ಎಡಗಡೆ ನಿಂತು ಸಾಲಾಗಿ ಐದು, ಬಲಗಡೆ ನಿಂತು ಸಾಲಾಗಿ ಐದು ಅಂತ ಇಟ್ಟುಕೊಂಡಿದ್ದೇನೆ. ತಪ್ಪಿದರೆ ಮತ್ತೆ ಒಂದರಿಂದ. ಹತ್ತು ನಿಮಿಷದಲ್ಲಿ ಆಗಲಿಲ್ಲವಾದರೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇನೆ, ಮರುದಿನ ಮತ್ತೆ ಹಿಡಿಯುತ್ತೇನೆ. ರಾತ್ರಿ ಮಲಗಿ ಎದ್ದ ಮೇಲೆ ಕೈಗೆ ಅದು ಸುಲಭವಾಗಿರುತ್ತದೆ. ಕೈಯ ಕೆಲಸಗಳು ನಿದ್ದೆಯಲ್ಲಿ ಗಟ್ಟಿಯಾಗುತ್ತವೆ, ಇದು ವಾದ್ಯ ನುಡಿಸುವವರಿಗೂ ಗೊತ್ತಿರುವ ವಿಷಯ. ಬಲಗಡೆಯನ್ನು ಮಾತ್ರ ಬಿಡಬೇಡಿ. ಬಹಳ ಜನ ಒಂದೇ ಕಡೆ ಕಲಿತಿರುತ್ತಾರೆ, ಎದುರಾಳಿ ತಲೆಯ ಮೇಲಿಂದ ಹಾರಿದ ಕೂಡಲೇ ಎಲ್ಲ ಮರೆತುಹೋಗುತ್ತದೆ.

ಇಲ್ಲಿಯವರೆಗಿನದು ನಿಮಗೆ ಬಹುಪಾಲು ಬಂದಿದೆ. ನಿಮಗೆ ಬೇಕಿರುವುದು ಇನ್ನು ಮುಂದಿನದು.

ಡಮ್ಮಿಯ ಗಾರ್ಡ್ ಅನ್ನು ರ‍್ಯಾಂಡಮ್‌ಗೆ ಹಾಕಿ. ಈಗ ಅದು ಒಮ್ಮೆ ಬ್ಲಾಕ್ ಮಾಡುತ್ತದೆ, ಒಮ್ಮೆ ಹೊಡೆತ ತಿನ್ನುತ್ತದೆ. ಎರಡು ಲೈಟ್ ಪಂಚ್ ಹಾಕಿ. ತಗುಲಿದರೆ ಶೋರ‍್ಯುಕೆನ್. ಬ್ಲಾಕ್ ಆದರೆ ಅಲ್ಲೇ ನಿಲ್ಲಿಸಿ. ಬ್ಲಾಕ್ ಆದ ಶೋರ‍್ಯುಕೆನ್‌ಗೆ ಮ್ಯಾಚ್‌ನಲ್ಲಿ ದೊಡ್ಡ ಶಿಕ್ಷೆ ಕಾದಿರುತ್ತದೆ. ಹೀಗೆ ತಗುಲಿತಾ ಅಂತ ನೋಡಿ ಮುಂದುವರಿಸುವುದಕ್ಕೆ ಹಿಟ್ ಕನ್ಫರ್ಮ್ ಅನ್ನುತ್ತಾರೆ. ಒಂದಲ್ಲ, ಎರಡು ಪಂಚ್ ಯಾಕೆ ಅಂದರೆ, ಮೊದಲನೆಯದು ತಗುಲಿದ್ದನ್ನು ಕಣ್ಣು ನೋಡಿ ತಲೆಗೆ ಹೇಳುವಷ್ಟರಲ್ಲಿ ಎರಡನೆಯದು ನಡೆಯುತ್ತಿರುತ್ತದೆ, ನಿಮಗೆ ಯೋಚಿಸಲು ಸಮಯ ಸಿಗುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲ್ಲಾಡಿಸಲು ನಮಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಮೊದಲ ದಿನ ನಿಮ್ಮ ಹತ್ತಕ್ಕೆ ಒಂಬತ್ತು ಇಲ್ಲಿ ನಾಲ್ಕಕ್ಕೋ ಐದಕ್ಕೋ ಇಳಿಯಬಹುದು. ಮ್ಯಾಚ್‌ನಲ್ಲಿ ನಿಮಗಿರುವ ನಿಜವಾದ ಲೆಕ್ಕ ಅದೇ. ಅದನ್ನು ನೋಡಿ ಬೇಜಾರಾಗಬೇಡಿ, ಯಾವುದನ್ನು ಸರಿ ಮಾಡಬೇಕು ಅಂತ ಕೊನೆಗೂ ಸಿಕ್ಕಿತಲ್ವಾ.

ಆಮೇಲೆ ರೆಕಾರ್ಡಿಂಗ್. ಡಮ್ಮಿಯ ಕೈಯಲ್ಲಿ ಮೂರು ಕೆಲಸ ಮಾಡಿಸಿ ರೆಕಾರ್ಡ್ ಮಾಡಿ: ಮುಂದಕ್ಕೆ ಹಾರಿ ಕಿಕ್ ಕೊಡುವುದು, ಮುಂದಕ್ಕೆ ನಡೆದು ನಿಲ್ಲುವುದು, ದೂರದಿಂದ ಹಡೋಕೆನ್ ಎಸೆಯುವುದು. ಮೂರನ್ನೂ ರ‍್ಯಾಂಡಮ್ ಆಗಿ ಓಡಿಸಿ. ಹಾರಿದರೆ ಶೋರ‍್ಯುಕೆನ್, ನಡೆದು ಬಂದರೆ ಕುಳಿತು ಕಿಕ್, ಹಡೋಕೆನ್ ಬಂದರೆ ಬ್ಲಾಕ್. ಹಾರುವುದಕ್ಕೆ ಸುಮಾರು ಮುಕ್ಕಾಲು ಸೆಕೆಂಡ್ ಹಿಡಿಯುತ್ತದೆ, ಅದನ್ನು ನೋಡಿ ಹೊಡೆಯಲು ಖಂಡಿತ ಆಗುತ್ತದೆ. ಡ್ರೈವ್ ಇಂಪ್ಯಾಕ್ಟ್ ಅನ್ನುವ ನಿಧಾನದ, ಭಾರೀ ಹೊಡೆತ ಕೂಡ ಹಾಗೇ. ಅದು ಬರಲು 26 ಫ್ರೇಮ್ ಬೇಕು, ಅಂದರೆ 433 ಮಿಲಿಸೆಕೆಂಡ್. ಅದನ್ನೇ ಕಾಯುತ್ತಿದ್ದರೆ ಸುಲಭ. ಜೊತೆಗೆ ಇನ್ನೂ ನಾಲ್ಕು ವಿಷಯಕ್ಕೆ ಕಾಯುತ್ತಿದ್ದರೆ ಕಣ್ಣೆದುರೇ ಬಂದು ಹೊಡೆದು ಹೋಗುತ್ತದೆ. ಎದುರಾಳಿಯ ಕುಳಿತ ಕಿಕ್‌ನಂಥ ಸಣ್ಣ ಹೊಡೆತಗಳಿಗೆ ನೋಡಿ ಉತ್ತರ ಕೊಡಲು ಯಾರಿಂದಲೂ ಆಗುವುದಿಲ್ಲ. ರ‍್ಯೂವಿನ ಆ ಮೀಡಿಯಂ ಕಿಕ್ 8 ಫ್ರೇಮ್‌ನಲ್ಲೇ ಬರುತ್ತದೆ. ಅಲ್ಲಿ ದೂರ ನೋಡಿಕೊಂಡು ಊಹಿಸಬೇಕು ಅಷ್ಟೇ. ಯಾವುದಕ್ಕೆ ಕಾಯಬೇಕು, ಯಾವುದನ್ನು ಊಹಿಸಬೇಕು ಅಂತ ಬೇರೆ ಮಾಡಿಕೊಂಡರೆ ತಲೆಯ ಮೇಲಿನ ಭಾರ ಅರ್ಧ ಇಳಿಯುತ್ತದೆ. ಭಾರ ಇಳಿದರೆ ಕಾಂಬೊ ತಾನಾಗಿ ಬರುತ್ತದೆ.

ಫೈಟಿಂಗ್ ಗೇಮ್‌ಗಳ ದೊಡ್ಡ ಸ್ಪರ್ಧೆಯಾದ ಇವೊ ಟೂರ್ನಮೆಂಟ್‌ನ 2004ರ ಆ ಹೆಸರಾಂತ ಕ್ಷಣ ನೀವು ನೋಡಿರಬಹುದು. ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್‌ನಲ್ಲಿ ಡೈಗೊ ಉಮೆಹಾರಾ ಅವರ ಕೆನ್‌ಗೆ ಪ್ರಾಣ ಕೂದಲೆಳೆಯಷ್ಟು ಉಳಿದಿತ್ತು. ಬ್ಲಾಕ್ ಮಾಡಿದರೂ ಸ್ವಲ್ಪ ಪ್ರಾಣ ಹೋಗುವುದರಿಂದ ಸೋಲೇ. ಜಸ್ಟಿನ್ ವಾಂಗ್ ಅವರ ಚುನ್-ಲಿ ತನ್ನ ಸೂಪರ್ (ಪಾತ್ರದ ಅತಿ ದೊಡ್ಡ ಹೊಡೆತ) ಹಾಕಿದಳು. ಡೈಗೊ ಅದರ 15 ಹೊಡೆತಗಳನ್ನೂ ಪ್ಯಾರಿ ಮಾಡಿದರು, ಕೊನೆಯದನ್ನು ಹಾರಿ ಗಾಳಿಯಲ್ಲೇ. ಆಮೇಲೆ ತಮ್ಮ ಕಾಂಬೊ ಹಾಕಿ ಗೆದ್ದರು. ಪ್ಯಾರಿ ಅಂದರೆ ಪ್ರಾಣ ಹೋಗದ ಹಾಗೆ ತಡೆಯಲು ಪ್ರತಿ ಹೊಡೆತಕ್ಕೂ ಸರಿಯಾದ ಗಳಿಗೆಯಲ್ಲಿ ಸ್ಟಿಕ್ ಅನ್ನು ಮುಂದಕ್ಕೆ ತಟ್ಟುವುದು. ಹದಿನೈದನ್ನೂ ಒಂದೊಂದಾಗಿ ನೋಡಿ ತಟ್ಟಲು ಸಮಯ ಇರುವುದಿಲ್ಲ. ಆ ಸೂಪರ್‌ನ ತಾಳ ಅವರ ಕೈಯಲ್ಲಿ ಮೊದಲೇ ಇತ್ತು. ಜೊತೆಗೆ, ಈಗಲೇ ಅದು ಬರುತ್ತದೆ ಅನ್ನುವ ಎಚ್ಚರವೂ ಇತ್ತು. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಹೋಗುವುದು ಸೂಪರ್ ಶುರುವಾಗುವ ಮುಂಚಿನ ಆ ಎರಡು ಸೆಕೆಂಡಿನ ಮೇಲೆ. ಇಬ್ಬರೂ ದೂರ ನಿಂತು ಹಿಂದೆ ಮುಂದೆ ಅಲ್ಲಾಡುತ್ತಿರುತ್ತಾರೆ. ಡೈಗೊ ಕಾಯುತ್ತಿದ್ದಾರೆ.

ಮ್ಯಾಚ್‌ಗೆ ಹೋಗುವಾಗ ಒಂದೇ ಒಂದು ಗುರಿ ಇಟ್ಟುಕೊಂಡು ಹೋಗಿ. ಇವತ್ತು ಹಾರಿದವರನ್ನೆಲ್ಲ ಹೊಡೆಯುತ್ತೇನೆ, ಉಳಿದದ್ದು ಏನಾದರೂ ಆಗಲಿ. ನಾಳೆ ಎರಡು ಪಂಚ್ ನೋಡಿ ಶೋರ‍್ಯುಕೆನ್. ಗೆಲುವು ಸೋಲು ಎಣಿಸಬೇಡಿ, ಆ ಅವಕಾಶ ಎಷ್ಟು ಸಲ ಬಂತು, ಎಷ್ಟು ಸಲ ಹಿಡಿದಿರಿ ಅಂತ ಎಣಿಸಿ. ಉದ್ದದ ಕಾಂಬೊ ಸದ್ಯಕ್ಕೆ ಬೇಡ. ಅರ್ಧದಲ್ಲಿ ಬಿದ್ದುಹೋಗುವ ದೊಡ್ಡ ಕಾಂಬೊಗಿಂತ ಪ್ರತಿ ಸಲ ಬರುವ ಮೂರು ಹೊಡೆತ ಜಾಸ್ತಿ ಪೆಟ್ಟು ಕೊಡುತ್ತದೆ. ಸೋತ ಮ್ಯಾಚ್‌ನ ರಿಪ್ಲೇ ನೋಡಿ, ಕಾಂಬೊ ತಪ್ಪಿದ ಜಾಗದಲ್ಲಿ ನಿಲ್ಲಿಸಿ. ಟೆಕ್ಕೆನ್ 8ರಲ್ಲಾದರೆ ರಿಪ್ಲೇಯ ನಡುವಿನಿಂದಲೇ ಪಾತ್ರವನ್ನು ಕೈಗೆ ತೆಗೆದುಕೊಂಡು ಅಲ್ಲಿಂದ ಆಡಬಹುದು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸೌಲಭ್ಯ ನಾನು ಕಂಡಿಲ್ಲ.

ಟಿವಿಯಲ್ಲಿ ಆಡುತ್ತಿದ್ದರೆ ಗೇಮ್ ಮೋಡ್ ಆನ್ ಇದೆಯಾ ನೋಡಿ, ಇಲ್ಲದಿದ್ದರೆ ಚಿತ್ರ ತಡವಾಗಿ ಬರುತ್ತದೆ. ಮಣಿಕಟ್ಟು ಅಥವಾ ಹೆಬ್ಬೆರಳು ನೋಯಲು ಶುರುವಾದರೆ ಅವತ್ತಿಗೆ ನಿಲ್ಲಿಸಿಬಿಡಿ, ನೋವಿನ ಮೇಲೆ ಆಡಬೇಡಿ. ಕಂಟ್ರೋಲರ್ ಅನ್ನು ಬಿಗಿಯಾಗಿ ಹಿಡಿಯುವ ಅಭ್ಯಾಸ ಇದ್ದರೆ ಅದನ್ನು ಈಗಲೇ ಬಿಡಿಸಿ. ಗಾಬರಿಯಾದಾಗ ಹಿಡಿತ ಇನ್ನೂ ಬಿಗಿಯಾಗುತ್ತದೆ, ಬೆರಳಿನ ತಾಳ ಅಲ್ಲೇ ಕೆಡುತ್ತದೆ.

ನಿಮ್ಮ ಒಂದು ಗಂಟೆಯನ್ನು ಹೀಗೆ ಹಂಚಿ ನೋಡಿ: ಹತ್ತು ನಿಮಿಷ ಎರಡೂ ಕಡೆಯಿಂದ ಕಾಂಬೊ, ಇಪ್ಪತ್ತು ನಿಮಿಷ ರ‍್ಯಾಂಡಮ್ ಗಾರ್ಡ್ ಮತ್ತು ರೆಕಾರ್ಡಿಂಗ್, ಉಳಿದ ಅರ್ಧ ಗಂಟೆ ಮ್ಯಾಚ್. ಎರಡು ವಾರ ಮಾಡಿ. ರ‍್ಯಾಂಡಮ್ ಗಾರ್ಡ್‌ನಲ್ಲಿ ಹತ್ತಕ್ಕೆ ಎಷ್ಟು ಬಂತು ಅಂತ ಮೊದಲ ದಿನವೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಆಮೇಲೂ ಒಂದೇ ಜಾಗದಲ್ಲಿ ತಪ್ಪುತ್ತಿದ್ದರೆ, ಆಗ ಇನ್‌ಪುಟ್ ಡಿಸ್‌ಪ್ಲೇನಲ್ಲಿ ಏನು ಕಾಣುತ್ತಿದೆ ಅಂತ ತಿಳಿಸಿ, ಒಟ್ಟಿಗೆ ನೋಡೋಣ.