ಜಿಮೇಲ್ ತುಂಬಿದೆ, ಬೇರೆ ಇಮೇಲ್ ಮಾಡಬೇಕಾ? ಫೋನಿಗೂ ಡೆಸ್ಕ್‌ಟಾಪಿಗೂ ಯಾವ ಆಪ್ ಒಳ್ಳೆಯದು?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ಆಂಡ್ರಾಯ್ಡ್ ಫೋನ್ ಇದೆ, ಮನೆಯಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ಇದೆ. ಜಿಮೇಲ್ ತುಂಬಿ ದಿನಾ ಎಚ್ಚರಿಕೆ ಬರುತ್ತಿದೆ. ಮನೆಯಿಂದಲೇ ಜಿಎಸ್‌ಟಿ ಲೆಕ್ಕಪತ್ರದ ಕೆಲಸ ಶುರು ಮಾಡುತ್ತಿದ್ದೀರಿ. ಬೇರೆ ಸೇವೆಗೆ ಹೋಗಬೇಕಾ, ಎರಡೂ ಕಡೆ ನಡೆಯುವ ಆಪ್ ಯಾವುದು ಅಂತ ಕೇಳಿದ್ದೀರಿ.

ನೀವು ಆಪ್ ಹುಡುಕೋಕೆ ಕೂತಿದ್ದೀರಿ. ನಾನಾಗಿದ್ದರೆ ಮೊದಲು ಇಮೇಲ್ ಐಡಿ ಬಗ್ಗೆ ಯೋಚಿಸುತ್ತೇನೆ. ಆಪ್ ಇವತ್ತು ಹಾಕಿ ನಾಳೆ ತೆಗೆದರೂ ಯಾರಿಗೂ ಗೊತ್ತಾಗಲ್ಲ. ಐಡಿ ಬದಲಾದರೆ ಬ್ಯಾಂಕಿನಿಂದ ಗ್ಯಾಸ್ ಏಜೆನ್ಸಿವರೆಗೆ ಎಲ್ಲರಿಗೂ ಹೇಳಿಕೊಂಡು ಬರಬೇಕು.

ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಕಾಲದಲ್ಲಿ ಬ್ರಾಡ್‌ಬ್ಯಾಂಡ್ ಜೊತೆ ಒಂದು ಇಮೇಲ್ ಐಡಿಯನ್ನೂ ಪುಕ್ಕಟೆ ಕೊಡುತ್ತಿದ್ದರು. ನಾನು ಅದನ್ನೇ ಬ್ಯಾಂಕಿಗೆ, ಎಲ್‌ಐಸಿಗೆ, ಪಿಎಫ್‌ಗೆ, ಎಲ್ಲ ಕಡೆ ಕೊಟ್ಟಿದ್ದೆ. ಮನೆ ಬದಲಿಸಿದೆ. ಹೊಸ ಬಡಾವಣೆಯಲ್ಲಿ ಆ ಕಂಪನಿಯ ಲೈನ್ ಇರಲಿಲ್ಲ, ಕನೆಕ್ಷನ್ ವಾಪಸ್ ಮಾಡಿದೆ. ಕೆಲವು ವಾರಗಳಲ್ಲಿ ಇಮೇಲ್ ಕೂಡ ಬಂದ್. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಮರೆತಿತ್ತು, ಅದನ್ನು ಬದಲಿಸುವ ಲಿಂಕ್ ಸತ್ತುಹೋದ ಆ ಇನ್‌ಬಾಕ್ಸಿಗೇ ಹೋಗುತ್ತಿತ್ತು. ಶಾಖೆಗೆ ಹೋಗಿ ಫಾರಂ ತುಂಬಿ, ಸಹಿ ಹೊಂದಲ್ಲ ಅಂತ ವಾಪಸ್ ಬಂದು, ಮತ್ತೆ ಹೋಗಿ... ಬಿಡಿ, ಮೂರು ತಿಂಗಳು ಹಿಡಿಯಿತು.

ಅದಕ್ಕೇ ಹೇಳೋದು, ಕೆಲಸಕ್ಕೆ ನಿಮ್ಮದೇ ಹೆಸರಿನ ಒಂದು ಡೊಮೇನ್ (ಇಮೇಲ್ ಐಡಿಯಲ್ಲಿ @ ಆದ ಮೇಲೆ ಬರುವ ಹೆಸರು) ತಗೊಳ್ಳಿ. ಡಾಟ್ ಇನ್ ಡೊಮೇನ್ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಆ ಡೊಮೇನ್‌ಗೆ ಬಂದ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಅಂತ ಒಂದು ನಮೂದು ಇರುತ್ತದೆ. ಸೇವೆ ಇಷ್ಟವಾಗದಿದ್ದರೆ ಆ ನಮೂದು ಬದಲಿಸಿ ಬೇರೆ ಕಡೆ ಹೋಗಬಹುದು. ಐಡಿ ಅದೇ ಇರುತ್ತದೆ. ನಾನು ಒಮ್ಮೆ ಹೀಗೆ ಬದಲಿಸಿದ್ದೇನೆ, ನನ್ನ ಹೆಂಡತಿಗೂ ಗೊತ್ತಾಗಲಿಲ್ಲ.

ಸೇವೆ ಯಾವುದು? ನಿಮ್ಮ ಕೆಲಸಕ್ಕೆ ನಾನು ಚೆನ್ನೈನ ಜೋಹೋ ಮೇಲ್ ಹೇಳುತ್ತೇನೆ. ಸ್ವಂತ ಡೊಮೇನ್‌ಗೆ ಅವರ ಉಚಿತ ಯೋಜನೆಯೂ ಇದೆ. ಆದರೆ ಅದರಲ್ಲಿ ಐಮ್ಯಾಪ್ ಸಿಗಲ್ಲ. ಅಂದರೆ ಬೇರೆಯವರ ಆಪ್‌ನಲ್ಲಿ ಹಾಕಿಕೊಳ್ಳೋಕೆ ಆಗಲ್ಲ. ನಿಮಗೆ ಎರಡೂ ಕಡೆ ಒಂದೇ ಆಪ್ ಬೇಕಾದ್ದರಿಂದ ದುಡ್ಡಿನ ಯೋಜನೆಯನ್ನೇ ತಗೊಳ್ಳಿ. ಸ್ವಿಟ್ಜರ್‌ಲ್ಯಾಂಡಿನ ಪ್ರೋಟಾನ್ ಮೇಲ್ ಗುಟ್ಟು ಕಾಪಾಡುವುದರಲ್ಲಿ ಗಟ್ಟಿ. ಆದರೆ ಡೆಸ್ಕ್‌ಟಾಪ್‌ನಲ್ಲಿ ಬೇರೆ ಆಪ್ ಜೊತೆ ಬಳಸಲು ಬ್ರಿಡ್ಜ್ ಅನ್ನುವ ಸಾಫ್ಟ್‌ವೇರ್ ಬೇಕು, ಅದೂ ದುಡ್ಡು ಕೊಟ್ಟವರಿಗೆ ಮಾತ್ರ. ಜರ್ಮನಿಯ ಟೂಟಾದಲ್ಲಿ ಐಮ್ಯಾಪ್ ಇಲ್ಲವೇ ಇಲ್ಲ. ಆಸ್ಟ್ರೇಲಿಯಾದ ಫಾಸ್ಟ್‌ಮೇಲ್ ಚೆನ್ನಾಗಿದೆ, ಆದರೆ ನಮ್ಮ ಜೇಬಿಗೆ ಜಾಸ್ತಿ.

ಹಳೇ ಜಿಮೇಲ್ ಬಿಡಬೇಡಿ. ಅದು ತುಂಬಿರುವುದು ಮೇಲ್‌ನಿಂದ ಅಲ್ಲ ಅಂತ ನನ್ನ ಅನುಮಾನ. ಆ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಪಾಲುದಾರರು. 2021ರ ಜೂನ್ 1ರಿಂದ ಸಣ್ಣದು ಮಾಡಿ ಹಾಕಿದ ಫೋಟೋಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ. ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳು ನಿಮ್ಮ ಇನ್‌ಬಾಕ್ಸಿನ ಜಾಗ ತಿಂತಾ ಇರಬಹುದು! ಬ್ಯಾಕಪ್‌ನಲ್ಲಿ ವಿಡಿಯೋ ಬೇಡ ಅಂತ ವಾಟ್ಸಾಪ್‌ನಲ್ಲೇ ಹೇಳಬಹುದು. ಆಮೇಲೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕುವ ಪಟ್ಟಿಯ ಬಲಗಡೆಯ ಗುರುತು ಒತ್ತಿ, ಗಾತ್ರ 10 ಎಂಬಿಗಿಂತ ಹೆಚ್ಚು ಅಂತ ಕೊಟ್ಟು ನೋಡಿ. ಬೇಡದ್ದು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. ಇಲ್ಲದಿದ್ದರೆ 30 ದಿನ ಅಲ್ಲೇ ಕೂತಿರುತ್ತದೆ.

ಈಗ ಆಪ್. ಎರಡೂ ಕಡೆ ಥಂಡರ್‌ಬರ್ಡ್ ಹಾಕಿ. ಡೆಸ್ಕ್‌ಟಾಪ್‌ಗೆ 2004ರಿಂದ ಇದೆ, ಆಂಡ್ರಾಯ್ಡ್‌ಗೆ 2024ರ ಅಕ್ಟೋಬರ್‌ನಲ್ಲಿ ಬಂತು. ಫೋನಿನದ್ದು ಹೊಸದೇನಲ್ಲ, ಮೊದಲು ಕೆ-9 ಮೇಲ್ ಅಂತ ಇದ್ದದ್ದೇ ಅದರ ಬುಡ. ಪುಕ್ಕಟೆ, ಜಾಹೀರಾತಿಲ್ಲ. ನೋಡೋಕೆ ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತದೆ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಆಪ್‌ಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿದೆ. ಅದರ ಬದಲಿಗೆ ಬಂದ ಹೊಸ ಔಟ್‌ಲುಕ್‌ಗೆ ನಿಮ್ಮ ಬೇರೆ ಐಡಿ ಸೇರಿಸಿದರೆ ಆ ಮೇಲ್‌ಗಳ ಒಂದು ಪ್ರತಿ ಮೈಕ್ರೋಸಾಫ್ಟ್ ಕ್ಲೌಡ್‌ಗೂ ಹೋಗುತ್ತದೆ. ಗಿರಾಕಿಗಳ ಪ್ಯಾನ್, ಬಿಲ್ಲು ಎಲ್ಲ ಇರುವ ಮೇಲ್ ಇನ್ನೊಬ್ಬರ ಮನೆಯಲ್ಲಿ ಯಾಕೆ ಇರಬೇಕು, ಅಲ್ವಾ?

ಐಡಿ ಸೇರಿಸುವಾಗ ಐಮ್ಯಾಪ್ ಅಥವಾ ಪಾಪ್ ಅಂತ ಕೇಳುತ್ತದೆ. ಐಮ್ಯಾಪ್ ಒತ್ತಿ. ನಮ್ಮಣ್ಣನದ್ದು ಪ್ರಿಂಟಿಂಗ್ ಪ್ರೆಸ್. ಅವನ ಕಂಪ್ಯೂಟರಿಗೆ ಯಾರೋ ಹುಡುಗ ಪಾಪ್ ಹಾಕಿಕೊಟ್ಟಿದ್ದ. ಪಾಪ್ ಮೇಲ್ ಅನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. ಪ್ರತಿ ಉಳಿಸು ಅಂತ ಗುರುತು ಹಾಕದಿದ್ದರೆ ಸರ್ವರ್‌ನಿಂದ ಅಳಿಸಿಯೂ ಬಿಡುತ್ತದೆ. ಒಂದು ಮದುವೆ ಕಾರ್ಡು, ಹುಡುಗಿಯ ತಂದೆ ರಾತ್ರಿ ಮುಹೂರ್ತದ ಸಮಯ ತಿದ್ದಿ ಮೇಲ್ ಮಾಡಿದ್ದರು. ಬೆಳಿಗ್ಗೆ ಅಂಗಡಿಯ ಕಂಪ್ಯೂಟರ್ ಅದನ್ನು ಎಳೆದುಕೊಂಡಿತು. ಅಣ್ಣ ಪೇಪರ್ ತರೋಕೆ ಹೋಗಿದ್ದ, ಫೋನಿನಲ್ಲಿ ಏನೂ ಕಾಣಲಿಲ್ಲ. ಹಳೇ ಪ್ರೂಫನ್ನೇ ಓಕೆ ಅಂದ. 400 ಕಾರ್ಡು ರದ್ದಿಗೆ. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಎರಡೂ ಕಡೆ ಒಂದೇ ಥರ ಕಾಣುತ್ತದೆ.

ಆದರೆ ಫೋನಿನಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲೂ ಹೋಯಿತು. ಹಾಗಾಗಿ ತಿಂಗಳಿಗೊಮ್ಮೆ ಮುಖ್ಯವಾದ ಮೇಲ್‌ಗಳನ್ನು ಡೆಸ್ಕ್‌ಟಾಪ್ ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್‌ಗೆ, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುವ ಫೋಲ್ಡರಿಗೆ, ಕಾಪಿ ಮಾಡಿ. (ನನ್ನ ಹಳೇ ಮೇಲ್‌ಗಳು ಹೀಗೇ ಉಳಿದಿವೆ. ಆದರೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದವು ಈಗ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು.)

ಮೊದಲು ಡೆಸ್ಕ್‌ಟಾಪ್‌ನಲ್ಲೇ ಎರಡೂ ಐಡಿ ಸೇರಿಸಿ. ಜಿಮೇಲ್‌ಗೆ ಗೂಗಲ್‌ನ ಲಾಗಿನ್ ಕಿಟಕಿಯೇ ತೆರೆಯುತ್ತದೆ. ಜೋಹೋದಲ್ಲಿ ಎರಡು ಹಂತದ ಲಾಗಿನ್ ಇಟ್ಟಿದ್ದರೆ ಮಾಮೂಲಿ ಪಾಸ್‌ವರ್ಡ್ ತಗೊಳ್ಳದೇ ಇರಬಹುದು. ಆಗ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಅವರ ಸೆಕ್ಯೂರಿಟಿ ಪುಟದಲ್ಲಿ ಆಪ್ ಪಾಸ್‌ವರ್ಡ್ ಅಂತ ಬೇರೆ ಮಾಡಿಕೊಳ್ಳಬೇಕು. ಜಿಮೇಲ್‌ನ ಆಲ್ ಮೇಲ್ ಫೋಲ್ಡರನ್ನು ಇಳಿಸಿಕೊಳ್ಳಬೇಡ ಅಂತ ಹೇಳಿ, ಇಲ್ಲದಿದ್ದರೆ ಒಂದೇ ಮೇಲ್ ಎರಡೆರಡು ಸಲ ಡಿಸ್ಕಿನಲ್ಲಿ ಕೂರುತ್ತದೆ. ಆಮೇಲೆ ಡೆಸ್ಕ್‌ಟಾಪ್‌ನ ಟೂಲ್ಸ್ ಮೆನುವಿನಲ್ಲಿ ಮೊಬೈಲ್‌ಗೆ ಕಳಿಸುವ ಆಯ್ಕೆ ಇದೆ. ಪರದೆ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಫೋನಿನ ಥಂಡರ್‌ಬರ್ಡ್‌ನಿಂದ ಸ್ಕ್ಯಾನ್ ಮಾಡಿದರೆ ಐಡಿಗಳೆಲ್ಲ ಹಾಗೇ ಬಂದು ಕೂರುತ್ತವೆ.

ಫೋನಿನಲ್ಲಿ ಮೇಲ್ ತಡವಾಗಿ ಬಂದರೆ ಆಪ್‌ಗೆ ಬೈಯಬೇಡಿ. ಎಷ್ಟೋ ಫೋನುಗಳು ಬ್ಯಾಟರಿ ಉಳಿಸೋಕೆ ಹಿಂದೆ ಓಡುವ ಆಪ್‌ಗಳನ್ನು ಮಲಗಿಸಿಬಿಡುತ್ತವೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಥಂಡರ್‌ಬರ್ಡ್‌ಗೆ ಮಿತಿ ಬೇಡ ಅಂತ ಕೊಡಿ. ಇನ್ನೊಂದು, ಎರಡೂ ಐಡಿ ಒಂದೇ ಪಟ್ಟಿಯಲ್ಲಿ ಕಾಣುವಾಗ ಕಳಿಸುವ ಮೊದಲು ಮೇಲಿನ ಫ್ರಮ್ ಜಾಗ ಒಮ್ಮೆ ನೋಡಿ. ಗಿರಾಕಿಗೆ ಹೋಗಬೇಕಾದ ಮೇಲ್ ಮನೆ ಐಡಿಯಿಂದ ನಾನೂ ಕಳಿಸಿದ್ದೇನೆ.

ಡೊಮೇನ್ ಬಗ್ಗೆ ಎರಡು ಮಾತು ಬಾಕಿ. ಆಟೋ ರಿನ್ಯೂವಲ್ ಹಾಕಿಡಿ, ಮತ್ತೆ ಕ್ಯಾಲೆಂಡರ್‌ನಲ್ಲೂ ಬರೆದಿಡಿ. ಮರೆತರೆ ಬೇರೆಯವರು ಅದನ್ನು ಕೊಂಡು ನಿಮಗೆ ಬರಬೇಕಾದ ಮೇಲ್ ಎಲ್ಲ ಓದಬಹುದು. ಡೊಮೇನ್ ಮಾರಿದವರಿಗೆ ಅದೇ ಡೊಮೇನ್‌ನ ಐಡಿ ಕೊಡಬೇಡಿ, ಜಿಮೇಲ್ ಕೊಡಿ. ಡೊಮೇನ್ ನಿಂತುಹೋದ ದಿನ ಆ ಐಡಿಗೆ ಬಂದ ನೋಟೀಸನ್ನು ನೀವು ಎಲ್ಲಿ ತೆರೆದು ಓದ್ತೀರಿ?